ಹೆಸರು ಕೇಳಿದ ಮೇಲೇ ಸೂಜಿ

ಶುಶ್ರೂಷೆಯ ಕ್ಷೇತ್ರದಲ್ಲಿ ಪದಕ ಪಡೆದವರಿದ್ದಾರೆ, ಪಠ್ಯಪುಸ್ತಕ ಬರೆದವರಿದ್ದಾರೆ, ಸಮಿತಿಗಳಲ್ಲಿ ಕುಳಿತು ಸಲಹೆ ಕೊಟ್ಟವರಿದ್ದಾರೆ. ಒಂದೇ ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ, ನಲವತ್ತೆರಡು ಹಾಸಿಗೆಗಳ ಗಂಡಸರ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ, ಮೂವತ್ತನಾಲ್ಕು ವರ್ಷ ನಿಂತೇ ಕಳೆದು, ನರ್ಸಿಂಗ್ ಶಾಲೆಯಿಂದ ಅಂಜುತ್ತ ಬಂದ ಸಾವಿರಕ್ಕೂ ಮಿಕ್ಕ ಹುಡುಗ ಹುಡುಗಿಯರನ್ನು ಕೆಲಸ ಬಲ್ಲ ನರ್ಸುಗಳನ್ನಾಗಿ ಮಾಡಿ ಕಳಿಸಿಕೊಟ್ಟವರು ಎಷ್ಟು ಮಂದಿ ಇದ್ದಾರೋ ತಿಳಿಯದು. ನಾವು ಕಂಡದ್ದು ಒಬ್ಬರನ್ನೇ. ವಾರ್ಡಿನ ಕಸ ಗುಡಿಸುವವರಿಂದ ಹಿಡಿದು ಶಸ್ತ್ರವೈದ್ಯರವರೆಗೆ ಎಲ್ಲರ ಬಾಯಲ್ಲೂ ಅವರು ‘ದೊಡ್ಡ ಸಿಸ್ಟರ್’. ಈ ಸಂಪುಟ ಅವರ ನಿವೃತ್ತಿಯ ಗೌರವಾರ್ಥ ಹೊರಬರುತ್ತಿದೆ.

ಇದರಲ್ಲಿ ವೈದ್ಯರು, ಪ್ರಾಂಶುಪಾಲರು, ಶಿಷ್ಯೋತ್ತಮರು ಬರೆದಿದ್ದಾರೆ. ಈ ಲೇಖನ ಬರೆಯುತ್ತಿರುವವನು ಏಳನೇ ತರಗತಿಗೆ ಶಾಲೆಗೆ ಬೆನ್ನು ತಿರುಗಿಸಿ ವೆಲ್ಡಿಂಗ್ ಅಂಗಡಿ ಸೇರಿದವನು. ಅವನ ತಂಗಿ ದೊಡ್ಡ ಸಿಸ್ಟರ್ ಕೈಕೆಳಗೆ ನರ್ಸಾದವಳು. ಬರೆಯಬೇಕಾದವಳು ಅವಳೇ. “ನನ್ನ ಕೈಲಾಗಲ್ಲ ಅಣ್ಣ, ಬರೆಯೋಕೆ ಕೂತ್ರೆ ಅಳು ಬರುತ್ತೆ” ಎಂದು ಕಾಗದವನ್ನು ಇತ್ತ ತಳ್ಳಿದಳು. ‘ನಾನು’ ಎಂದು ಶುರುಮಾಡಿದರೆ ಸಿಟ್ಟೇ ಮುಂದಾಗಿ ಮಾತನಾಡಿಬಿಡುತ್ತದೆಂಬ ಭಯದಿಂದ ಬರೆಯುವವನೂ ಇಲ್ಲಿ ‘ಅಣ್ಣ’ ಎಂದಷ್ಟೇ ಬರುತ್ತಾನೆ, ಅವಳು ‘ತಂಗಿ’. ಸಿಟ್ಟಂತೂ ಇದೆ. ವರ್ಷಕ್ಕೊಂದು ದಿನ ನರ್ಸುಗಳ ಕೈಗೊಂದು ಗುಲಾಬಿ ಕೊಟ್ಟು, ಕರುಣಾಮಯಿ ತಾಯಂದಿರೇ ಎಂದು ಮೈಕಿನಲ್ಲಿ ಹಾಡಿ ಹೊಗಳಿ, ಉಳಿದ ದಿನವೆಲ್ಲ ನಲವತ್ತೆರಡು ರೋಗಿಗಳಿಗೆ ಇಬ್ಬರೇ ಇಬ್ಬರು ನರ್ಸುಗಳನ್ನು ಬಿಟ್ಟು ಕೈ ತೊಳೆದುಕೊಳ್ಳುವವರ ಮೇಲೆ ಆ ಸಿಟ್ಟು. ಅದು ಇಲ್ಲೂ ಒಂದೆರಡು ಕಡೆ ಇಣುಕಿದರೆ ಸಂಪಾದಕರು ಹೊಟ್ಟೆಗೆ ಹಾಕಿಕೊಳ್ಳಬೇಕು.

ದೊಡ್ಡ ಸಿಸ್ಟರ್ ಈ ವಾರ್ಡಿಗೆ ಬಂದಾಗ ಅವರಿಗೆ ಇಪ್ಪತ್ತಾರು. ಮೊದಲ ದಿನವೇ ಹಿರಿಯ ನರ್ಸೊಬ್ಬರು ಅವರನ್ನು ರೋಗಿಗಳೆದುರು ಗದರಿದರಂತೆ, ಅಳಲೂ ಜಾಗವಿಲ್ಲದೆ ಔಷಧದ ಕೋಣೆಯ ಸಿಂಕಿನ ನಲ್ಲಿ ಬಿಟ್ಟುಕೊಂಡು ಅತ್ತರಂತೆ. ಹನ್ನೆರಡು ವರ್ಷಗಳ ನಂತರ ವಾರ್ಡು ಅವರ ಕೈಗೆ ಬಂದಾಗ ಅವರು ಮಾಡಿದ ಮೊದಲ ಬದಲಾವಣೆಯೆಂದರೆ ಹೊದಿಕೆಗಳ ಕೋಣೆಯಲ್ಲೊಂದು ಮರದ ಸ್ಟೂಲು ಇಟ್ಟಿದ್ದು. “ಅಳಬೇಕು ಅನ್ಸಿದ್ರೆ ಅಲ್ಲಿ ಹೋಗಿ ಕೂತ್ಕೊಳ್ಳಿ. ಹತ್ತು ನಿಮಿಷ. ಆಮೇಲೆ ಮುಖ ತೊಳ್ಕೊಂಡು ಬನ್ನಿ, ನಾನು ಏನೂ ಕೇಳಲ್ಲ” ಎನ್ನುವುದು ಹೊಸಬರಿಗೆ ಅವರು ಹೇಳುತ್ತಿದ್ದ ಮೊದಲ ಮಾತು. ಆ ಸ್ಟೂಲಿನ ಒಂದು ಅಂಚಿನಲ್ಲಿ ಮೊಳೆಯೊಂದು ತಲೆ ಎತ್ತಿತ್ತು. ಅತ್ತವರೆಲ್ಲ ಇನ್ನೊಂದು ಅಂಚಿಗೆ ಸರಿದು ಕುಳಿತು ಅತ್ತರು; ಮುಂದಿನ ತಂಡಕ್ಕೆ ಆ ಗುಟ್ಟನ್ನೂ ದಾಟಿಸಿ ಹೋದರು.

ಅವರ ಕಪಾಟಿನಲ್ಲಿ ಮೂರು ಅಳತೆಯ ಬಿಳಿ ಶೂಗಳಿರುತ್ತಿದ್ದವು. ಮೊದಲ ತಿಂಗಳು ವಿದ್ಯಾರ್ಥಿನಿಯರ ಹಿಮ್ಮಡಿ ಬೊಬ್ಬೆಯೇಳುವುದು ಅವರಿಗೆ ಗೊತ್ತಿತ್ತು. ಕುಂಟುತ್ತ ಬಂದವಳ ಮುಂದೆ ಮಾತಿಲ್ಲದೆ ಒಂದು ಜೋಡಿ ಇಟ್ಟು ಹೋಗುತ್ತಿದ್ದರು. ಆದರೆ ಕಲಿಸುವ ವಿಷಯದಲ್ಲಿ ಈ ಮೃದುತ್ವ ಹುಡುಕಿದರೂ ಸಿಗುತ್ತಿರಲಿಲ್ಲ. ಪ್ರತಿ ಹೊಸ ತಂಡದ ಮೊದಲ ಪಾಠ ಸ್ಟ್ರೆಚರಿನ ಮೇಲೆ. ಒಬ್ಬೊಬ್ಬಳನ್ನೂ ಅಂಗಾತ ಮಲಗಿಸಿ, ತುರ್ತು ಚಿಕಿತ್ಸೆಯ ಬಾಗಿಲಿನಿಂದ ವಾರ್ಡಿನವರೆಗೆ ತಳ್ಳಿಸಿಕೊಂಡು ಬರುವುದು; ದಾರಿಯುದ್ದಕ್ಕೂ ಅವಳ ತಲೆಯ ಮೇಲೆಯೇ ಬೇರೆಯವರು ಹರಟೆ ಹೊಡೆಯುವುದು. ಕೊನೆಗೆ ಒಂದೇ ಪ್ರಶ್ನೆ: “ಏನು ಕಾಣಿಸ್ತು?”

ತಂಗಿಯ ಸರದಿ ಬಂದಾಗ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. “ಟ್ಯೂಬ್‌ಲೈಟು, ಜೇಡರ ಬಲೆ, ಮತ್ತೆ... ತಳ್ಳೋರ ಮೂಗಿನ ಹೊಳ್ಳೆ, ಮೇಡಂ.”

ತಂಡವೆಲ್ಲ ಕಿಸಕ್ಕೆಂದಿತು. ದೊಡ್ಡ ಸಿಸ್ಟರ್ ಮಾತ್ರ ನಗಲಿಲ್ಲ. “ಸರಿಯಾಗಿ ನೋಡಿದ್ದೀಯ. ರೋಗಿಗೆ ನೀನು ಅಂದ್ರೆ ಮೂಗಿನ ಹೊಳ್ಳೆ. ಬಗ್ಗಿ ಮುಖ ತೋರಿಸಿ ಮಾತಾಡಿದ್ರೆ ಮಾತ್ರ ಮನುಷ್ಯಳು.”

ಎರಡನೆಯ ಪಾಠ ಹೆಸರಿನದು. ಮಾತ್ರೆಯಾಗಲಿ ಸೂಜಿಯಾಗಲಿ, ಕೊಡುವ ಮುನ್ನ ರೋಗಿಯನ್ನು “ನಿಮ್ಮ ಹೆಸರೇನು?” ಎಂದು ಕೇಳಬೇಕು, ಅವನ ಬಾಯಿಂದಲೇ ಹೆಸರು ಬರಬೇಕು, ಕೈಯಲ್ಲಿರುವ ಚೀಟಿಯೊಂದಿಗೆ ಅದು ತಾಳೆಯಾಗಬೇಕು. ನೀವು ಇಂಥವರಲ್ಲವೇ ಎಂದು ಕೇಳಿ ಅವನು ತಲೆಯಾಡಿಸಿದರೆ ಲೆಕ್ಕಕ್ಕಿಲ್ಲ. ನೋವಿನಲ್ಲಿರುವವನು ಯಾವ ಹೆಸರಿಗೂ ತಲೆಯಾಡಿಸುತ್ತಾನೆ. ಹಾಸಿಗೆಯ ಸಂಖ್ಯೆ ನೋಡಿದರೂ ಲೆಕ್ಕಕ್ಕಿಲ್ಲ. “ಕಬ್ಬಿಣದ ಮಂಚಕ್ಕೆ ಕಾಯಿಲೆ ಇರಲ್ಲ” ಎನ್ನುತ್ತಿದ್ದರು. ಇದನ್ನು ದಿನಕ್ಕೆ ನೂರು ಸಲ ಮಾಡಬೇಕು, ನೂರನೆಯ ಸಲವೂ ಮೊದಲ ಸಲದಂತೆ ಮಾಡಬೇಕು. ಕೇಳಲು ಸುಲಭ. ನಲವತ್ತೆರಡು ಹಾಸಿಗೆಗೆ ಇಬ್ಬರಿದ್ದು, ಒಬ್ಬಳು ಡ್ರೆಸ್ಸಿಂಗಿಗೆ ಹೋಗಿ, ಇನ್ನೊಬ್ಬಳ ಸೆರಗನ್ನು ನಾಲ್ಕು ದಿಕ್ಕಿನಿಂದ ನಾಲ್ವರು ಎಳೆಯುವಾಗ ಮಾಡಿ ನೋಡಬೇಕು.

ಮೂರು ವರ್ಷದ ಹಿಂದೆ ತಂಗಿ ಪಾಸಾಗಿ, ಅದೇ ವಾರ್ಡಿನಲ್ಲಿ ಪ್ರೊಬೇಷನ್ ಮೇಲೆ ಕೆಲಸಕ್ಕೆ ಸೇರಿ ನಾಲ್ಕನೆಯ ವಾರ. ಹನ್ನೆರಡನೇ ಹಾಸಿಗೆಯಲ್ಲಿ ನಿವೃತ್ತ ಬಸ್ ಕಂಡಕ್ಟರ್. ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣು, ಬಾಯಲ್ಲಿ ಮಾತಿನ ಮಳೆ. ಹದಿಮೂರರಲ್ಲಿ ಟೈಲರ್; ಹರ್ನಿಯಾ ಆಪರೇಷನ್ ಆದವನು, ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಸಾಧು. ಕಂಡಕ್ಟರಿಗೆ ದಿನಾ ಬೆಳಗ್ಗೆ ತಿಂಡಿಗೆ ಮುಂಚೆ ಇನ್ಸುಲಿನ್. ತಂಗಿ ದಿನಾ ಹೆಸರು ಕೇಳುತ್ತಿದ್ದಳು.

“ಇದೇನಮ್ಮ, ಮೂವತ್ತೈದು ವರ್ಷ ಸಂಸಾರ ಮಾಡಿದ ಹೆಂಡ್ತಿನೂ ನನ್ನ ಹೆಸರನ್ನ ಇಷ್ಟು ಸಲ ಕೇಳಿಲ್ಲ!” ಎಂದು ಕಂಡಕ್ಟರ್ ಒಂದು ದಿನ ವಾರ್ಡಿಗೆಲ್ಲ ಕೇಳುವಂತೆ ಕೂಗಿದ. “ನಿನ್ನೆ ಹೇಳಿದ್ದೆ, ಮೊನ್ನೆ ಹೇಳಿದ್ದೆ. ಮರೆವಿಗೆ ನೀನೇ ಒಂದು ಮಾತ್ರೆ ತಗೋ!”

ಸುತ್ತಲಿನ ಎಂಟು ಹಾಸಿಗೆಗಳು ಹೊಟ್ಟೆ ಹಿಡಿದು ನಕ್ಕವು. ಹೊಲಿಗೆ ಹಾಕಿಸಿಕೊಂಡವರು ನೋವಾಗುತ್ತದೆಂದು ಬೈದುಕೊಂಡೇ ನಕ್ಕರು. ತಂಗಿಯ ಮುಖ ಕೆಂಪಾಯಿತು. ಮಾರನೆಯ ದಿನ ಅವಳು ಹೆಸರು ಕೇಳಲಿಲ್ಲ.

ಆ ಮಾರನೆಯ ದಿನವೇ ಇನ್ನೊಂದು ಸಂಗತಿ ನಡೆದಿತ್ತು. ಹನ್ನೆರಡನೇ ಹಾಸಿಗೆಯ ಮೇಲಿನ ಫ್ಯಾನು ನೇತುಹಾಕುವ ಕೊಕ್ಕೆ ತುಕ್ಕು ಹಿಡಿದು ಮುರಿದು, ಫ್ಯಾನನ್ನು ಕಳಚಿಟ್ಟು ನಲವತ್ತು ದಿನವಾಗಿತ್ತು. ದೊಡ್ಡ ಸಿಸ್ಟರ್ ಕಚೇರಿಗೆ ಮೂರು ಪತ್ರ ಬರೆದಿದ್ದರು. ಮೂರಕ್ಕೂ ಸ್ವೀಕೃತಿಯ ಮುದ್ರೆ ಬಿದ್ದಿತ್ತೇ ಹೊರತು ಕೊಕ್ಕೆ ಬಂದಿರಲಿಲ್ಲ. ಸೆಕೆ ತಡೆಯಲಾರದೆ ಕಂಡಕ್ಟರ್ ಬೆಳಗ್ಗೆ ಎದ್ದವನೇ ಟೈಲರನ್ನು ಕೇಳಿದ. ಟೈಲರಿಗೆ ಫ್ಯಾನಿನ ಗಾಳಿಗೆ ಚಳಿಯಾಗುತ್ತಿತ್ತು. ಹೂಂ ಎಂದ. ದಿಂಬು, ತಟ್ಟೆ, ಲೋಟ ಸಮೇತ ಇಬ್ಬರೂ ಹಾಸಿಗೆ ಅದಲುಬದಲು ಮಾಡಿಕೊಂಡರು. ಯಾರಿಗಾದರೂ ಹೇಳಬೇಕೆಂದು ಇಬ್ಬರಿಗೂ ತೋಚಲಿಲ್ಲ.

ಏಳೂಕಾಲಿಗೆ ತಂಗಿ ಟ್ರೇ ಹಿಡಿದು ಬಂದಳು. ಹನ್ನೆರಡನೇ ಹಾಸಿಗೆಯಲ್ಲಿ ಒಬ್ಬರು ಕಿವಿಯವರೆಗೆ ಹೊದ್ದು ಗೋಡೆಯ ಕಡೆ ತಿರುಗಿ ಮಲಗಿದ್ದರು. ಮಾತನಾಡಿಸಿದರೆ ಮತ್ತೆ ನಗೆಪಾಟಲು. ತೋಳು ಹಿಡಿದಳು, ಚುಚ್ಚಿದಳು, ಎದುರು ಸಾಲಿನ ಹಾಸಿಗೆಗಳ ಕಡೆ ಹೋದಳು.

ಐದು ನಿಮಿಷವಾಗಿರಬೇಕು. ಹದಿಮೂರರಿಂದ ದನಿ ಬಂತು: “ಏನಮ್ಮಾ, ಇವತ್ತು ನನ್ನ ಸೂಜಿಗೆ ರಜಾನಾ?”

ಆ ಕ್ಷಣವನ್ನು ತಂಗಿ ಅಣ್ಣನಿಗೆ ಎಷ್ಟೋ ಸಲ ಹೇಳಿದ್ದಾಳೆ. ಕಂಡಕ್ಟರಿನ ಇನ್ಸುಲಿನ್ ಹೋಗಿದ್ದು ಟೈಲರನ ಮೈಗೆ. ವಿಷಯ ಅವಳೊಬ್ಬಳಿಗೇ ಗೊತ್ತು. ಟ್ರೇಯಲ್ಲಿ ಔಷಧವಿದೆ, ಕಂಡಕ್ಟರಿಗೆ ಇನ್ನೊಂದು ಸೂಜಿ ಕೊಟ್ಟು ಸುಮ್ಮನಾದರೆ ಕೇಳುವವರಿಲ್ಲ. ಸಕ್ಕರೆ ಕಾಯಿಲೆಯಿಲ್ಲದವನ ಮೈಯಲ್ಲಿ ಸಕ್ಕರೆ ಕುಸಿದು, ಅವನು ಬೆವತು, ತೊದಲಿ, ಪ್ರಜ್ಞೆ ತಪ್ಪಿದರೂ ಅದು ಆಪರೇಷನ್ನಿನ ತೊಂದರೆಯೆಂದೇ ಒಂದಷ್ಟು ಹೊತ್ತು ಎಲ್ಲರೂ ಅಂದುಕೊಳ್ಳುತ್ತಾರೆ. ಆ ಒಂದಷ್ಟು ಹೊತ್ತಿನಲ್ಲೇ ಅವನು ಸಾಯಲೂಬಹುದು. ಹೇಳಿದರೆ ಕೆಲಸ ಹೋಗುತ್ತದೆ. ಅಣ್ಣ ಶಾಲೆ ಬಿಟ್ಟು, ವೆಲ್ಡಿಂಗಿನ ಬೆಳಕಿಗೆ ಕಣ್ಣು ಕೆಂಪಗೆ ಮಾಡಿಕೊಂಡು ಓದಿಸಿದ್ದೆಲ್ಲ ಹೋಗುತ್ತದೆ.

ವಾರ್ಡಿನ ಕೊನೆಯ ಮೇಜಿನವರೆಗೆ ಅವಳು ಓಡಿದಳು. “ಮೇಡಂ, ತಪ್ಪು ಮಾಡಿಬಿಟ್ಟೆ.”

ದೊಡ್ಡ ಸಿಸ್ಟರ್ ಆಗಲೇ ಎದ್ದು ನಡೆಯತೊಡಗಿದ್ದರು. ನಡೆಯುತ್ತಲೇ ನಾಲ್ಕು ಪ್ರಶ್ನೆ ಕೇಳಿದರು. “ಯಾರಿಗೆ? ಏನು? ಎಷ್ಟು? ಎಷ್ಟು ಹೊತ್ತಾಯ್ತು?” ಯಾಕೆ ಎಂಬ ಐದನೆಯ ಪ್ರಶ್ನೆಯನ್ನು ಅವರು ಅವತ್ತು ಕೇಳಲಿಲ್ಲ. ಮೂವತ್ತೊಂದು ವರ್ಷದ ಅನುಭವವೆಂದರೆ ಏನೆಂದು ಯಾರಾದರೂ ಕೇಳಿದರೆ, ಆ ಕೇಳದೆ ಬಿಟ್ಟ ಪ್ರಶ್ನೆಯನ್ನು ತೋರಿಸಬಹುದು.

ಸಕ್ಕರೆ ನೀರು ಕುಡಿಸಿದ್ದು, ವೈದ್ಯರು ಓಡಿ ಬಂದದ್ದು, ಗ್ಲೂಕೋಸ್ ಹಚ್ಚಿದ್ದು ಎಲ್ಲ ಒಂದರ ಹಿಂದೊಂದು ನಡೆಯಿತು. ಅಷ್ಟರಲ್ಲಿ ಟೈಲರನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಎರಡು ಬೆರಳನ್ನು ಕತ್ತರಿಯಂತೆ ಆಡಿಸುತ್ತ ಗಾಳಿಯಲ್ಲಿ ಬಟ್ಟೆ ಕತ್ತರಿಸತೊಡಗಿದ್ದ. ಹದಿನೈದು ನಿಮಿಷಕ್ಕೊಮ್ಮೆ ಬೆರಳು ಚುಚ್ಚಿ ಸಕ್ಕರೆ ನೋಡಬೇಕಿತ್ತು. ದೊಡ್ಡ ಸಿಸ್ಟರ್ ಪಕ್ಕದಲ್ಲಿ ನಿಂತು ಪ್ರತಿ ಸಲವೂ ತಂಗಿಯ ಕೈಯಲ್ಲೇ ಮಾಡಿಸಿದರು. ಪ್ರತಿ ಸಲವೂ ಅವಳು ಹೆಸರು ಕೇಳಬೇಕು. ಮೂರನೆಯ ಸಲಕ್ಕೆ ಟೈಲರ್ ತೊದಲುತ್ತ ಅರ್ಧ ಹೆಸರು ಹೇಳಿದ. ಐದನೆಯ ಸಲಕ್ಕೆ ಪೂರ್ತಿ ಹೇಳಿದ. ತಂಗಿ ಅಲ್ಲೇ ಮಂಚದ ಕಂಬಿ ಹಿಡಿದು ನಿಂತಳು.

ಮಧ್ಯಾಹ್ನ ಟೈಲರನ ಹೆಂಡತಿ ಬಂದಾಗ ದೊಡ್ಡ ಸಿಸ್ಟರ್ ತಂಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದರು.

“ಹಂಗಾದ್ರೆ ನನ್ನ ಗಂಡ ಹೋಗಿಬಿಡ್ತಿದ್ನಾ?” ಎಂದು ಆಕೆ ಕಿರುಚಿದಳು.

“ಹೋಗಿಬಿಡಬಹುದಿತ್ತು ತಾಯಿ. ಈ ಹುಡುಗಿ ಐದೇ ನಿಮಿಷಕ್ಕೆ ಬಂದು ಹೇಳಿದ್ದಕ್ಕೆ ಉಳ್ಕೊಂಡ್ರು. ತಪ್ಪು ಮಾಡಿದ್ದೂ ಇವಳೇ, ಹೇಳಿದ್ದೂ ಇವಳೇ. ಬೈಯೋದಾದ್ರೆ ಬೈರಿ, ನಾವಿಬ್ರೂ ನಿಂತಿರ್ತೀವಿ.”

ಆಕೆ ಬೈದಳು. ಇಬ್ಬರೂ ನಿಂತಿದ್ದರು.

ಕಚೇರಿಗೆ ಇದು ಬಹಳ ಸಲೀಸಾದ ಪ್ರಕರಣವಾಗಿತ್ತು: ಹೊಸ ಹುಡುಗಿ, ಪ್ರೊಬೇಷನ್, ತೆಗೆದುಹಾಕಿದರೆ ಮುಗಿಯಿತು. ನಲವತ್ತು ದಿನ ಒಂದು ಕೊಕ್ಕೆಗೆ ಸಹಿ ಹಾಕಲಾಗದ ಕೈಗಳು ಅವಳ ವಜಾ ಆದೇಶವನ್ನು ಒಂದೇ ಸಂಜೆಯಲ್ಲಿ ಸಿದ್ಧಪಡಿಸಿದ್ದವು. ಅದಕ್ಕೆ ಎದುರಾಗಿ ದೊಡ್ಡ ಸಿಸ್ಟರ್ ಎರಡು ಪುಟದ ವರದಿ ಬರೆದರು. ಅದರ ಮೊದಲ ಸಾಲು: ‘ಈ ತಪ್ಪು ನಾನು ನಡೆಸುವ ವಾರ್ಡಿನಲ್ಲಿ ನಡೆದಿದೆ, ಇದರ ಹೊಣೆ ಮೊದಲು ನನ್ನದು.’ ಹುಡುಗಿ ಹೆಸರು ಕೇಳಲಿಲ್ಲ ಎಂಬುದನ್ನೂ ಬರೆದರು, ಅವಳನ್ನು ಉಳಿಸಲೆಂದು ಒಂದಕ್ಷರ ಮುಚ್ಚಿಡಲಿಲ್ಲ. ಜೊತೆಗೆ ಆ ವಾರದ ಡ್ಯೂಟಿ ಪಟ್ಟಿಯನ್ನೂ, ಫ್ಯಾನಿನ ಮೂರು ಪತ್ರಗಳ ಪ್ರತಿಗಳನ್ನೂ ಪಿನ್ ಹಾಕಿ ಸೇರಿಸಿ, ವಜಾ ಮಾಡುವುದಾದರೆ ಈ ಕಾಗದಗಳಿಗೂ ಉತ್ತರ ಕೊಟ್ಟು ಮಾಡಬೇಕೆಂದು ಕೋರಿದರು. ಕಚೇರಿಯವರು ವಜಾ ಕೈಬಿಟ್ಟು, ತಂಗಿಗೆ ಎಚ್ಚರಿಕೆ ಕೊಟ್ಟು, ಪ್ರೊಬೇಷನ್ನನ್ನು ಆರು ತಿಂಗಳು ಮುಂದಕ್ಕೆ ಹಾಕಿದರು. ದೊಡ್ಡ ಸಿಸ್ಟರ್ ಸೇವಾ ಪುಸ್ತಕದಲ್ಲಿ ಮೂವತ್ತೊಂದು ವರ್ಷದಲ್ಲಿ ಮೊಟ್ಟಮೊದಲ ಮೆಮೊ ಏರಿತು. ಅದರ ಪ್ರತಿಯನ್ನು ಅವರು ಮಡಚಿ ಶೂಗಳ ಕಪಾಟಿನಲ್ಲಿಟ್ಟರು.

ಕೆಲಸ ಉಳಿದರೂ ತಂಗಿ ಉಳಿಯಲಿಲ್ಲ. ಯೂನಿಫಾರ್ಮನ್ನು ಬಕೆಟಿನಲ್ಲಿ ನೆನೆಹಾಕಿ, ಒಗೆಯದೆ, ಎರಡು ದಿನ ಗೋಡೆ ನೋಡುತ್ತ ಕುಳಿತಳು. “ಸೂಜಿ ಮುಟ್ಟಲ್ಲ ಅಣ್ಣ. ಬಟ್ಟೆ ಅಂಗಡಿಗೆ ಸೇರ್ಕೋತೀನಿ.” ಅಣ್ಣನ ನೆತ್ತಿಗೆ ಸಿಟ್ಟೇರಿತು. ಅಂಗಡಿಯಿಂದ ಮಸಿ ಬಟ್ಟೆಯಲ್ಲೇ ಹೊರಟು, ವಾರ್ಡಿನ ಬಾಗಿಲು ದಬ್ಬಿಕೊಂಡು ಒಳಗೆ ನುಗ್ಗಿದ.

“ಯಾರು ಇಲ್ಲಿ ದೊಡ್ಡ ಸಿಸ್ಟರ್? ನನ್ನ ತಂಗಿನ ಕೆಲಸ ಬಿಡಿಸೋಕೆ ಬಂದಿದ್ದೀನಿ. ಇಬ್ಬರ ಕೈಲಿ ಹತ್ತು ಜನದ ಕೆಲಸ ಮಾಡಿಸ್ತೀರ, ಒಂದು ಫ್ಯಾನು ಹಾಕೋ ಯೋಗ್ಯತೆ ಇಲ್ಲ, ತಪ್ಪು ಮಾತ್ರ ಅವಳದ್ದಾ?”

ಬಿಳಿ ಸೀರೆಯ ಆ ಹೆಂಗಸು ತಲೆ ಎತ್ತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಏನಪ್ಪ ಕೆಲಸ ಮಾಡ್ತೀಯ?”

“ವೆಲ್ಡಿಂಗು. ಯಾಕೆ?”

“ಕೈ ಸುಟ್ಕೊಂಡಿದ್ದೀಯಾ?”

“ಎಷ್ಟೋ ಸಲ.”

“ಮಾರನೇ ದಿನ ಕೆಲಸಕ್ಕೆ ಹೋಗಿಲ್ವಾ?”

“ಹೋದೆ. ನಾನು ಸುಟ್ಕೊಂಡಿದ್ದು ನನ್ನ ಕೈನ. ಅವಳು ಮಾಡಿದ್ದು ಇನ್ನೊಬ್ಬರ ಜೀವದ ಮೇಲೆ.”

“ಹೌದು,” ಎಂದರು ಅವರು. “ಅದಕ್ಕೇ ಅವಳಿಗೆ ನಿನಗಿಂತ ಕಷ್ಟ. ಇನ್ಮೇಲೆ ಜೀವಮಾನದಲ್ಲಿ ಹೆಸರು ಕೇಳದೆ ಸೂಜಿ ಹಿಡಿಯದ ನರ್ಸ್ ಒಬ್ಬಳು ಈ ಆಸ್ಪತ್ರೆಗೆ ಸಿಕ್ಕಿದ್ದಾಳೆ. ಅವಳನ್ನ ಬಟ್ಟೆ ಅಂಗಡಿಗೆ ಕಳಿಸ್ತೀಯ? ಆ ಟೈಲರ್ ಹೊಲಿಗೆ ಬಿಚ್ಚೋದು ನಾಳೆ ಏಳು ಗಂಟೆಗೆ. ಪಟ್ಟಿಯಲ್ಲಿ ಅವಳ ಹೆಸರಿದೆ, ನಾನು ಹೊಡೆದುಹಾಕಿಲ್ಲ.” ಆಮೇಲೆ ಮೇಲೆ ಬೆರಳು ತೋರಿಸಿದರು. “ಬಂದಿದ್ದು ಬಂದೆ, ಆ ಕೊಕ್ಕೆ ನೋಡ್ತೀಯಾ? ಸಹಿ ಮಾಡಿಸಿಟ್ಟಿದ್ದೀನಿ, ಬೆಸುಗೆ ಹಾಕೋರು ಸಿಕ್ಕಿಲ್ಲ.”

ಜಗಳಕ್ಕೆ ಬಂದವನು ಅಂಗಡಿಗೆ ಹೋಗಿ ಸಾಮಾನು ತಂದ. ಹನ್ನೆರಡು, ಹದಿಮೂರರ ಮಂಚಗಳನ್ನು ಪಕ್ಕಕ್ಕೆಳೆದು, ಏಣಿ ಹತ್ತಿ, ತುಕ್ಕು ಕೆರೆದು, ಹೊಸ ಕೊಕ್ಕೆ ಕೂರಿಸಿದ. ಬೆಸುಗೆಗೆ ಹಿಡಿದದ್ದು ಹತ್ತು ನಿಮಿಷ. ಮೇಲಿನಿಂದ ಅವನಿಗೆ ವಾರ್ಡು ಪೂರ್ತಿ ಕಂಡಿತು. ದೊಡ್ಡ ಸಿಸ್ಟರ್ ಒಂದೊಂದು ಮಂಚದ ಬಳಿಯೂ ಸೊಂಟ ಬಗ್ಗಿಸಿ, ಮುಖಕ್ಕೆ ಮುಖ ಕೊಟ್ಟು ಮಾತನಾಡುತ್ತ ಸಾಗಿದ್ದರು. ನಲವತ್ತೆರಡು ಸಲ ಬಗ್ಗಿದರು, ನಲವತ್ತೆರಡು ಸಲ ಎದ್ದರು. ಏಣಿಯ ಮೇಲಿದ್ದವನಿಗೆ ಸಿಟ್ಟು ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ಇಂಥ ಮನುಷ್ಯರೂ ಇರುತ್ತಾರೆಯೇ ಎಂಬ ಬೆರಗೊಂದೇ ಉಳಿಯಿತು, ಅದು ಇಂದಿಗೂ ಇಳಿದಿಲ್ಲ.

ಆ ಸಂಜೆ ಅವನು ಮನೆಗೆ ಹೋಗಿ ಬಕೆಟಿನ ಯೂನಿಫಾರ್ಮನ್ನು ತಾನೇ ಒಗೆದು ಹರವಿದ. “ಫ್ಯಾನು ತಿರುಗ್ತಾ ಇದೆ ಕಣೇ. ನಾಳೆ ಏಳಕ್ಕೆ ಹೊಲಿಗೆ ಬಿಚ್ಚೋದಿದೆಯಂತೆ. ನಿನ್ನ ಹೆಸರು ಹೊಡೆದಿಲ್ಲವಂತೆ.” ಹೊಡೆದಿಲ್ಲ ಎಂಬ ಮಾತನ್ನು ತಂಗಿ ಎರಡು ಸಲ ಹೇಳಿಸಿಕೊಂಡಳು.

ಬೆಳಗ್ಗೆ ಹೋದಳು. ಟೈಲರನ ಮುಖಕ್ಕೆ ಮುಖ ತಂದು, “ನಿಮ್ಮ ಹೆಸರೇನು?” ಎಂದಳು. ಅವನು ಹೆಸರು ಹೇಳಿ, “ನಿಧಾನಕ್ಕೆ ಬಿಚ್ಚಮ್ಮ, ಬಟ್ಟೆ ಹರಿಬಾರದು” ಎಂದು ತನ್ನ ಹೊಟ್ಟೆ ತೋರಿಸಿದ. ಆಚೆಯಿಂದ ಕಂಡಕ್ಟರ್, ಕೇಳುವ ಮೊದಲೇ, ತನ್ನ ಹೆಸರು, ಅಪ್ಪನ ಹೆಸರು, ವಯಸ್ಸು, ಹಾಸಿಗೆ ಸಂಖ್ಯೆಯನ್ನು ಬಸ್ ನಿಲ್ದಾಣ ಕೂಗುವ ದನಿಯಲ್ಲಿ ಕೂಗಿದ. ಡಿಸ್ಚಾರ್ಜ್ ಆಗುವವರೆಗೆ ದಿನಾ ಬೆಳಗ್ಗೆ ಹಾಗೆಯೇ ಕೂಗಿದನಂತೆ.

ಇನ್ನು ಕಳೆದ ತಿಂಗಳ ಕೊನೆಯ ದಿನದ ಮಾತು. ಹನ್ನೊಂದು ಗಂಟೆಗೆ ಸಭಾಂಗಣದಲ್ಲಿ ಬೀಳ್ಕೊಡುಗೆ ಇತ್ತು. ವೆಲ್ಡಿಂಗಿನವನಿಗೂ ಕರೆ ಬಂದಿತ್ತು. ಒಂಬತ್ತೂವರೆಗೆ ನೋಡಿದರೆ ದೊಡ್ಡ ಸಿಸ್ಟರ್ ಎಲ್ಲೂ ಇಲ್ಲ. ಹುಡುಕುತ್ತ ಹೋದ ತಂಗಿ ಹೊದಿಕೆಗಳ ಕೋಣೆಯ ಬಾಗಿಲು ತೆರೆದಳು. ಎರಡು ದಶಕ ಕಾಲ ಹೊಸಬರಿಗೆಲ್ಲ ತೋರಿಸಿದ ಆ ಸ್ಟೂಲಿನ ಮೇಲೆ ಅವರು ಮೊದಲ ಸಲ ತಾವೇ ಕುಳಿತಿದ್ದರು. ಕಣ್ಣು ಒರೆಸಿಕೊಂಡು ಎದ್ದರು. ಸೀರೆ ಪರ್ರೆಂದಿತು, ಮೀನಖಂಡದ ಮೇಲೆ ಉದ್ದಕ್ಕೆ ರಕ್ತದ ಗೆರೆ.

“ಇದೇನೇ ಇದು, ಮೊಳೆ! ಯಾವಾಗಿಂದ ಇದೆ?”

“ಮೊದಲಿಂದ ಇದೆ ಮೇಡಂ.”

“ಇಷ್ಟು ವರ್ಷದಲ್ಲಿ ಒಬ್ಬಳೂ ನನಗೆ ಹೇಳಲಿಲ್ವಲ್ಲ!”

“ಅಳೋಕೆ ಹತ್ತೇ ನಿಮಿಷ ಕೊಟ್ಟಿದ್ರಿ. ಮೊಳೆ ಬಗ್ಗೆ ದೂರು ಹೇಳೋಕೆ ಟೈಮೆಲ್ಲಿತ್ತು?”

ತುಕ್ಕು ಮೊಳೆ, ಟಿ.ಟಿ. ಇಂಜೆಕ್ಷನ್ ಬೇಕೇ ಬೇಕೆಂದು ವೈದ್ಯರು ಚೀಟಿ ಬರೆದರು. ದೊಡ್ಡ ಸಿಸ್ಟರನ್ನು ಖಾಲಿಯಿದ್ದ ಹನ್ನೆರಡನೇ ಹಾಸಿಗೆಯ ಮೇಲೆ ಕೂರಿಸಿದರು. ಮೇಲೆ ಫ್ಯಾನು ತಿರುಗುತ್ತಿತ್ತು. ಸುತ್ತ ವಿದ್ಯಾರ್ಥಿಗಳು, ರೋಗಿಗಳು, ಸಭೆಗೆಂದು ಬಂದವರು. ತಂಗಿ ಟ್ರೇ ಹಿಡಿದು ಬಂದಳು. ಬಗ್ಗಿದಳು, ಮುಖಕ್ಕೆ ಮುಖ ತಂದಳು.

“ನಿಮ್ಮ ಹೆಸರೇನು?”

ವಾರ್ಡೆಲ್ಲ ಗೊಳ್ಳೆಂದಿತು. ಮೂವತ್ತನಾಲ್ಕು ವರ್ಷ ಅಲ್ಲೇ ಇದ್ದವರ ಹೆಸರನ್ನು ಅವರದೇ ವಾರ್ಡಿನಲ್ಲಿ ಕೇಳುವುದೇ! ತಂಗಿ ನಗಲಿಲ್ಲ. ಸೂಜಿಯನ್ನೂ ಎತ್ತಲಿಲ್ಲ. ಕಾದಳು. ದೊಡ್ಡ ಸಿಸ್ಟರೂ ನಗಲಿಲ್ಲ. ಬೆನ್ನು ನೇರ ಮಾಡಿಕೊಂಡು, ಶಾಲೆಯಲ್ಲಿ ಹಾಜರಿ ಹೇಳುವ ಹುಡುಗಿಯಂತೆ ತಮ್ಮ ಪೂರ್ತಿ ಹೆಸರನ್ನು ಸ್ಪಷ್ಟವಾಗಿ ಹೇಳಿದರು. ಬಹಳ ಜನ ಅದನ್ನು ಕೇಳಿದ್ದು ಅದೇ ಮೊದಲು. ನಗು ನಿಂತಿತು. ತಂಗಿ ಚೀಟಿ ನೋಡಿದಳು, ತಾಳೆ ಮಾಡಿದಳು, ಆಮೇಲೆ ತೋಳು ಹಿಡಿದಳು. ಅಣ್ಣ ಬಾಗಿಲಲ್ಲಿ ನಿಂತು ನೋಡಿದ.

ಆ ಹೆಸರನ್ನು ಇಲ್ಲಿ ಮತ್ತೆ ಬರೆಯಬೇಕಾಗಿಲ್ಲ, ಈ ಸಂಪುಟದ ಮುಖಪುಟದ ಮೇಲೆ ದಪ್ಪಕ್ಷರದಲ್ಲಿದೆ. ಸೋಮವಾರ ಸೋಮವಾರ ನರ್ಸಿಂಗ್ ಶಾಲೆಗೆ ಬಂದು ಹೊಸಬರನ್ನು ಸ್ಟ್ರೆಚರ್ ಹತ್ತಿಸುವುದನ್ನು ಬಿಡುವುದಿಲ್ಲವೆಂದು ಅವರು ಹೇಳಿದ್ದಾರೆ. ಅಷ್ಟು ಶಕ್ತಿ ಅವರ ಸೊಂಟಕ್ಕೆ ಇನ್ನೂ ಬಹಳ ವರ್ಷ ಇರಲಿ. ಮೊಳೆಯನ್ನು ಅಣ್ಣ ಕಿತ್ತು ಹಾಕಿದ್ದಾನೆ, ಸ್ಟೂಲು ಅಲ್ಲೇ ಇದೆ, ಹೊಸಬರು ನೆಮ್ಮದಿಯಾಗಿ ಅಳಬಹುದು. ದೊಡ್ಡ ಸಿಸ್ಟರ್ ನೂರು ಕಾಲ ನಮ್ಮ ನಡುವೆ ಓಡಾಡಿಕೊಂಡಿರಲಿ. ಎಂದಾದರೊಂದು ದಿನ, ಬಹಳ ತಡವಾಗಿ, ಅವರೇ ಮಲಗುವ ದಿನ ಬಂದರೆ, ಟ್ರೇ ಹಿಡಿದು ಬರುವ ಹುಡುಗಿ ಯಾವ ಊರಿನವಳೇ ಆಗಿರಲಿ, ಎಷ್ಟೇ ಹೊಸಬಳಾಗಿರಲಿ, ಬಗ್ಗಿ, ಮುಖ ತೋರಿಸಿ, ಮೊದಲು ಹೆಸರು ಕೇಳುವವಳಾಗಿರಲಿ.